ನಲವತ್ತಮೂರು ಇಂಚಿನ ಕರ್ಣ

ಟೀವಿ ಕೊಳ್ಳುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಹೋದ ವರ್ಷದ ಶ್ರಾವಣದವರೆಗೂ ದೃಢವಾಗಿ ನಂಬಿದ್ದೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಚೌಕ, ಆಯತ, ತ್ರಿಭುಜಗಳು ಯಾವತ್ತೂ ನನ್ನ ಮಾತು ಮೀರಿ ನಡೆದವಲ್ಲ. ಟೀವಿ ಎಂದರೆ ಏನು? ಒಂದು ಆಯತ. ಅಷ್ಟೇ!

ಜಯಲಕ್ಷ್ಮಿಪುರಂನ ನಮ್ಮ ಮನೆಯಲ್ಲಿದ್ದ ಹಳೆಯ ಡಬ್ಬ ಟೀವಿ ಒಂದು ದಿನ ಬೆಳಗ್ಗೆ ಭವಿಷ್ಯ ಹೇಳುವವರ ಮಾತಿನ ಮಧ್ಯದಲ್ಲೇ ಕಣ್ಣು ಮುಚ್ಚಿತು. ಅದು ಕೂತಿದ್ದದ್ದು ಹಾಲಿನ ಶೋಕೇಸಿನ ನಡುಗೂಡಿನಲ್ಲಿ. ಆ ಶೋಕೇಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಮಾವನವರು ಮರದ ವ್ಯಾಪಾರಿಗಳು. ಜೀವಮಾನವಿಡೀ ತೇಗ, ಮತ್ತಿ, ಹೊನ್ನೆ ಮಾರಿದರೂ ಉಳಿ ಹಿಡಿದು ತಮ್ಮ ಕೈಯಾರೆ ಮಾಡಿದ್ದು ಇದೊಂದನ್ನೇ, ಅದೂ ಮಗಳ ಮದುವೆಗೆಂದು. ನಡುವೆ ಟೀವಿಗೆ ಗೂಡು, ಎರಡೂ ಪಕ್ಕ ಗಾಜಿನ ಬಾಗಿಲಿನ ಕಪಾಟು, ಗೂಡಿಗೂ ಕಪಾಟಿಗೂ ಮಧ್ಯೆ ಬಳ್ಳಿ ಕೆತ್ತಿದ ಕಂಬಗಳು. ಕಲಿತ ಕೈಯಲ್ಲವಾದ್ದರಿಂದ ಬಳ್ಳಿ ಅಲ್ಲಲ್ಲಿ ದಾರಿ ತಪ್ಪಿದೆ, ಒಂದೆರಡು ಎಲೆ ಬಾಳೆಕಾಯಿಯ ಹಾಗೆ ಕಾಣುತ್ತವೆ. ಮಾವನವರು ಹೋಗಿ ಹನ್ನೆರಡು ವರ್ಷವಾಯಿತು. ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಆ ಬಳ್ಳಿಯ ಸಂದುಗಳನ್ನು ಹಳೆಯ ಪಂಚೆಯ ತುಂಡಿನಿಂದ ತಾನೇ ಒರೆಸಬೇಕು, ಕೆಲಸದವರು ಮುಟ್ಟುವ ಹಾಗಿಲ್ಲ.

"ರೀ, ಟೀವಿ ಯಾವ್ದಾದ್ರೂ ತನ್ನಿ, ನಾನು ಮಾತಾಡಲ್ಲ," ಎಂದಳು ಗಿರಿಜಾ. "ಆದ್ರೆ ಅಪ್ಪನ ಶೋಕೇಸಲ್ಲಿ ಕೂರೋ ಅಂಥದ್ದಾಗ್ಬೇಕು. ಒಂದು ದಾರ ತಗೊಂಡು ಗೂಡಿನ ಅಗಲ ಹಿಡಿದು ಗಂಟು ಹಾಕ್ಕೊಳಿ. ಅಂಗ್ಡೀಲಿ ಟೀವಿ ಮೇಲೆ ಹಿಡಿದು ನೋಡಿ. ಮುಗೀತು."

"ದಾರವಾ!" ನಾನು ಮನಸಾರೆ ನಕ್ಕೆ. "ಟೀವಿ ಅಳೆಯೋದು ಅಡ್ಡಡ್ಡ ಅಲ್ಲ ಕಣೇ, ಮೂಲೆಯಿಂದ ಮೂಲೆಗೆ. ಅದಕ್ಕೆ ಕರ್ಣ ಅಂತಾರೆ. ಇದು ಗೊತ್ತಿಲ್ದೇನೇ ಜನ ಮೋಸ ಹೋಗೋದು."

"ಹೌದಾ? ನಂಗೇನ್ ಗೊತ್ತು ಬುಡಿ," ಎಂದು ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೂತಳು. ಈಗ ನೆನೆದರೆ, ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ನಾನು ಸ್ಕೇಲು ಹಿಡಿದು ಗೂಡಿನೊಳಗೆ ತಲೆ ತೂರಿಸಿದೆ. ಅಗಲ ಮೂವತ್ತಮೂರು ಇಂಚು, ಎತ್ತರ ಇಪ್ಪತ್ತೆಂಟು. ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡರ ವರ್ಗ ಮಾಡಿ, ಕೂಡಿಸಿ, ಯಂತ್ರದ ಸಹಾಯವಿಲ್ಲದೆ ಕೈಯಲ್ಲೇ ವರ್ಗಮೂಲ ತೆಗೆದೆ. ನಲವತ್ತಮೂರು ಪಾಯಿಂಟ್ ಮೂರು! ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ 'ಉತ್ತರ' ಎಂದೂ ಬರೆದೆ. ನಲವತ್ತಮೂರು ಇಂಚಿನ ಟೀವಿ ಈ ಗೂಡಿಗೆ ಹೇಳಿ ಮಾಡಿಸಿದಂತೆ ಕೂರತಕ್ಕದ್ದು ಎಂಬುದು ಸಿದ್ಧವಾಯಿತು.

ಕಾಳಿದಾಸ ರಸ್ತೆಯ ಟೀವಿ ಅಂಗಡಿಗೆ ಹೋದರೆ ನಾಲ್ಕು ಗೋಡೆಯ ಮೇಲೂ ಒಂದೇ ಗಿಳಿ ಒಂದೇ ಸೀಬೆಹಣ್ಣು ತಿನ್ನುತ್ತಿತ್ತು. ಒಂದರಲ್ಲಿ ಗಿಳಿ ಹಸಿರು, ಪಕ್ಕದ್ದರಲ್ಲಿ ಇನ್ನೂ ಹಸಿರು, ಮೂಲೆಯಲ್ಲಿದ್ದ ದೊಡ್ಡದರಲ್ಲಿ ಗಿಳಿಯ ನಾಲಿಗೆಯೂ ಕಾಣುತ್ತಿತ್ತು. ನಾನು ತಲೆ ತಿರುಗಿ ನಿಂತಿರುವಾಗ ಸಮವಸ್ತ್ರ ತೊಟ್ಟ ಹೆಂಗಸೊಬ್ಬರು ಕೈಮುಗಿದು ಬಂದರು.

"ಸಾರ್, ಗೊತ್ತಾಯ್ತಾ? ನಾನು ಸೌಮ್ಯ. ಒಂಬತ್ತನೇ ಕ್ಲಾಸಲ್ಲಿ ನಮ್ಗೆ ಲೆಕ್ಕ ತಗೊಂಡಿದ್ದು ನೀವೇ."

ನನಗೆ ಆನೆಯ ಮೇಲೆ ಕೂತಷ್ಟು ಸಂತೋಷವಾಯಿತು. ಅವಳು ಕುರ್ಚಿ ಹಾಕಿಸಿ, ಕಾಫಿ ತರಿಸಿ ಕೇಳಿದಳು: "ಇಡೋ ಜಾಗದ ಅಗಲ ಎಷ್ಟಿದೆ ಸಾರ್?"

"ಅಗಲ ಯಾಕಮ್ಮಾ? ಕರ್ಣ ಕೇಳು, ಕರ್ಣ! ನಲವತ್ತಮೂರು ಪಾಯಿಂಟ್ ಮೂರು."

"ಅಲ್ಲ ಸಾರ್, ಜಾಗದ ಎತ್ತರ ಜಾಸ್ತಿ ಇದ್ರೆ..."

"ಸೌಮ್ಯಾ, ಪ್ರಮೇಯ ಮರೆತುಬಿಟ್ಯಾ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಇಲ್ಲ ಸಾರ್," ಎಂದು ನಲವತ್ತಮೂರು ಇಂಚಿನದ್ದಕ್ಕೆ ಬಿಲ್ ಹಾಕಿಸಿದಳು. ಇಂಥ ವಿನಯವಂತ ಶಿಷ್ಯರು ಈಗೆಲ್ಲಿ ಸಿಗುತ್ತಾರೆ ಎಂದು ದಾರಿಯುದ್ದಕ್ಕೂ ಹೆಮ್ಮೆಪಟ್ಟುಕೊಂಡು ಬಂದೆ.

ಟೀವಿ ಮನೆಗೆ ಬಂದದ್ದು ಸೋಮವಾರ. ಅವತ್ತು ಬೆಳಗ್ಗೆಯೇ ಗಿರಿಜಾ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಕ್ಕನನ್ನು ನೋಡಿಕೊಳ್ಳಲು ಎರಡು ದಿನದ ಮಟ್ಟಿಗೆ ಗೋಕುಲಂಗೆ ಹೋಗಿದ್ದಳು. ಡಬ್ಬ ಇಳಿಸಿದವರು, "ತೆಗೀಬೇಡಿ ಸಾರ್, ನಾಳೆ ಫಿಟ್ ಮಾಡೋರು ಬರ್ತಾರೆ," ಎಂದು ಎರಡೆರಡು ಸಲ ಹೇಳಿ ಹೋದರು. ಹೆಂಡತಿ ಬರುವಷ್ಟರಲ್ಲಿ ಟೀವಿ ಗೂಡಿನಲ್ಲಿ ಬೆಳಗುತ್ತಿರಬೇಕೆಂದು ನನ್ನ ಆಸೆ. ಪಕ್ಕದ ಮನೆಯ ಇನ್ನಾಸಪ್ಪನವರನ್ನು ಕೂಗಿದೆ. ಅವರೂ ನನ್ನ ಹಾಗೇ ನಿವೃತ್ತರು. ಭಾನುವಾರ ಚರ್ಚು, ಮಿಕ್ಕ ಆರು ದಿನ ನನ್ನ ಜೊತೆ ಹರಟೆ.

ಹೊಸ ವಸ್ತು ಮನೆಗೆ ಬಂದರೆ ಮೊದಲು ಪೂಜೆಯಾಗಬೇಕು, ಅದು ನಮ್ಮ ಮನೆಯ ಪದ್ಧತಿ. ಸ್ಕೂಟರಿಗೂ ಮಾಡಿದ್ದೇವೆ, ಮಿಕ್ಸಿಗೂ ಮಾಡಿದ್ದೇವೆ. ಅದರಲ್ಲೂ ಸೋಮವಾರ ಬೇರೆ! ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಲ್ಲಿ ಎತ್ತಿಕೊಂಡೆ. ಎಲ್ಲಿ ಹಚ್ಚುವುದು? ಹಣೆಗೆ. ಟೀವಿಗೆ ಹಣೆ ಯಾವುದು? ಅದಕ್ಕೆ ಇರುವುದೆಲ್ಲ ಮುಖವೇ. ಪರದೆಯ ಆ ತುದಿಯಿಂದ ಈ ತುದಿಯವರೆಗೆ ಮೂರು ಭವ್ಯವಾದ ಪಟ್ಟೆ ಎಳೆದೆ.

"ಚೆನ್ನಾಗ್ ಕಾಣ್ತದೆ ಮೇಷ್ಟ್ರೇ," ಎಂದರು ಇನ್ನಾಸಪ್ಪ. "ಸ್ವಾಮಿಗಳ ತರಾನೇ ಆಗೋಯ್ತು."

ಇಬ್ಬರೂ ಸೇರಿ ಎತ್ತಿ ಗೂಡಿನ ಮುಂದೆ ಹಿಡಿದೆವು. ಎಡ ತುದಿ ಒಳಗೆ ಹೋಯಿತು. ಬಲ ತುದಿ ಕಂಬಕ್ಕಿಂತ ಐದು ಇಂಚು ಆಚೆಗೆ ನಿಂತು ನನ್ನನ್ನೇ ನೋಡುತ್ತಿತ್ತು! ಬಲಗಡೆಯಿಂದ ತೂರಿಸಿದೆವು, ಎಡ ತುದಿ ಹೊರಗುಳಿಯಿತು. ಮೂಲೆಯಿಂದ ಮೂಲೆಗೆ ಅಳೆದದ್ದಲ್ಲವೇ ಎಂದು ಓರೆ ಮಾಡಿ ನುಗ್ಗಿಸಲು ನೋಡಿದೆ.

"ಓರೆಯಾಗ್ ಇಟ್ರೆ ನಾವೂ ಕತ್ತು ಓರೆ ಮಾಡ್ಕೊಂಡೇ ಸೀರಿಯಲ್ ನೋಡ್ಬೇಕಾಗ್ತದೆ," ಎಂದರು ಇನ್ನಾಸಪ್ಪ ಏದುಸಿರು ಬಿಡುತ್ತ.

ಟೀವಿಯನ್ನು ದಿವಾನದ ಮೇಲೆ ಮಲಗಿಸಿ, ಹಿಂದಿರುಗಿಸಿದರಾಯಿತು ಎಂದು ಟರ್ಕಿ ಟವೆಲಿನಿಂದ ವಿಭೂತಿಯನ್ನು ಉಜ್ಜಿ ಉಜ್ಜಿ ತೆಗೆದೆ. ಅಂಗಡಿಗೆ ಫೋನು ಮಾಡಿದೆ.

"ಸ್ಕ್ರೀನ್ ಮೇಲೆ ಏನೂ ಆಗಿಲ್ಲ ತಾನೇ ಸಾರ್?" ಎಂದಳು ಸೌಮ್ಯ.

"ಏನೂ ಇಲ್ಲಮ್ಮಾ. ಸ್ವಲ್ಪ ವಿಭೂತಿ."

"ಒರೆಸಿದ್ರಾ ಸಾರ್?"

"ಚೆನ್ನಾಗಿ ಉಜ್ಜಿದೀನಿ."

"ಅಯ್ಯೋ! ಬೆಳಕಿಗೆ ಹಿಡಿದು ನೋಡಿ ಸಾರ್."

ನೋಡಿದೆ. ಪಟ್ಟೆ ಹೋಗಿತ್ತು. ಪಟ್ಟೆಯಿದ್ದ ಕಡೆಯೆಲ್ಲ ಕೂದಲೆಳೆಯಂಥ ಗೀರುಗಳು, ಸಾವಿರಾರು! ಗೀರು ಬಿದ್ದರೆ ವಾಪಸ್ಸಿಲ್ಲ ಎಂದಳು ಸೌಮ್ಯ. ಆಮೇಲೆ ಮೆಲ್ಲಗೆ, "ಈ ಟೀವಿ ಅಗಲ ಮೂವತ್ತೆಂಟು ಇಂಚು ಸಾರ್. ಕರ್ಣ ಒಂದೇ ಇದ್ರೂ ಅಗಲ ಒಂದೇ ಇರ್ಬೇಕು ಅಂತೇನಿಲ್ವಲ್ಲ. ಅವತ್ತೇ ಹೇಳೋಕೆ ಬಂದೆ..." ಎಂದಳು.

"ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಹೆಂಗ್ ಹೇಳೋದು ಸಾರ್? ಒಂದ್ಸಲ ಬೋರ್ಡ್ ಮೇಲೆ ತಪ್ಪಿದೆ ಅಂದಿದ್ದಕ್ಕೆ ಇಡೀ ಪೀರಿಯಡ್ ಬೆಂಚ್ ಮೇಲೆ ನಿಲ್ಲಿಸಿದ್ರಿ."

ನನಗೆ ಅದು ನೆನಪಿರಲಿಲ್ಲ. "ಬೋರ್ಡ್ ಮೇಲೆ ತಪ್ಪಿತ್ತಾ?" ಎಂದು ಕೇಳಿದೆ.

"ಇತ್ತು ಸಾರ್."

ಬುದ್ಧಿವಂತನಾದವನು ಆಗ ಫೋನಿಟ್ಟು ಒಂದು ಲೋಟ ನೀರು ಕುಡಿದು ಸುಮ್ಮನಿರುತ್ತಿದ್ದ. ನನಗೆ ಅವಮಾನದಿಂದ ಕಿವಿ ಬಿಸಿಯಾಗಿತ್ತು. ಟೀವಿ ಚಿಕ್ಕದಾಗುವುದಿಲ್ಲ ಎಂದರೆ ಗೂಡು ದೊಡ್ಡದಾಗಬೇಕು! ಬಲಗಡೆಯ ಕಂಬವನ್ನು ಟೀವಿಯ ಎತ್ತರಕ್ಕೆ ಕೊಯ್ದು ತೆಗೆದರೆ ಐದು ಇಂಚು ಪಕ್ಕದ ಕಪಾಟಿಗೆ ಸರಿಯುತ್ತದೆ. ತುಂಡನ್ನು ಜೋಪಾನವಾಗಿ ಎತ್ತಿಟ್ಟರಾಯಿತು. ಇನ್ನಾಸಪ್ಪನವರ ಮನೆಯಲ್ಲಿ ಗರಗಸವಿತ್ತು.

"ಬ್ಯಾಡಿ ಮೇಷ್ಟ್ರೇ," ಎಂದರು ಅವರು. "ಅಮ್ಮಾವ್ರಪ್ಪ ಮಾಡಿದ್ದು ಅಂತೀರ. ಅವ್ರು ಬರ್ಲಿ, ಒಂದ್ಮಾತು ಕೇಳ್ಬುಟ್ಟು..."

"ರೀ ಇನ್ನಾಸಪ್ಪ, ಐದೇ ಇಂಚು. ನೀವು ಆ ಕಡೆ ಹಿಡ್ಕೊಳಿ."

ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹಿಡಿದರು. ನಾಲ್ಕು ಸಲ ಎಳೆಯುವಷ್ಟರಲ್ಲಿ ಫೋನು ಬಂತು. ಗಿರಿಜಾ!

"ಟೀವಿ ಬಂತೇನ್ರೀ? ಗೂಡಲ್ಲಿ ಕೂತ್ಕೊಳ್ತಾ?"

"ಕೂರ್ತಾ ಇದೆ."

"ಒಂದ್ವೇಳೆ ಸಾಲ್ದಿದ್ರೆ, ಶೋಕೇಸ್ ಹಿಂದ್ಗಡೆ..."

"ಎಲ್ಲಾ ಗೊತ್ತು ನಂಗೆ, ಇಡು," ಎಂದು ಫೋನಿಟ್ಟು ಮತ್ತೆ ಗರಗಸ ಹಿಡಿದೆ.

ಮೇಲಿನ ಕೊಯ್ತ ಓರೆಯಾಯಿತು. ಅದನ್ನು ನೇರ ಮಾಡಲು ಇನ್ನೊಂದು ಕೊಯ್ದೆ, ಅದು ಆ ಕಡೆಗೆ ಓರೆಯಾಯಿತು. ನಾನು ನೇರ ಮಾಡುತ್ತ ಮಾಡುತ್ತ ಹೋದಂತೆ ಎರಡು ಬೆರಳಿನಗಲ ತೇಗ, ಎರಡು ಎಲೆಗಳ ಸಮೇತ, ಪುಡಿಯಾಗಿ ನೆಲಕ್ಕೆ ಬಿತ್ತು. ಕೊನೆಗೂ ಟೀವಿ ಒಳಗೆ ಕೂತಿತು. ಇಬ್ಬರೂ ಬೆವರು ಒರೆಸಿಕೊಂಡು ದೂರ ನಿಂತು ನೋಡಿದೆವು. ಬಾಯಿಯಲ್ಲಿ ಮುಂದಿನ ಹಲ್ಲು ಹೋದ ಮುದುಕರ ಹಾಗೆ ಕಾಣುತ್ತಿತ್ತು ಮಾವನವರ ಶೋಕೇಸು.

ಮರುದಿನ ಬೆಳಗ್ಗೆ ಫಿಟ್ ಮಾಡುವವರು ಬಂದರು. ನಡುವಯಸ್ಸಿನ ಶಾಂತ ಮನುಷ್ಯ. ಗೂಡು ನೋಡಿದರು, ಕೆಳಗಿದ್ದ ಮರದ ಪುಡಿ ನೋಡಿದರು, ನನ್ನನ್ನು ನೋಡಿದರು.

"ಇದ್ಯಾಕ್ ಸಾರ್ ಕೊಯ್ದ್ರಿ?"

"ಟೀವಿ ಇಡೋಕೆ."

"ಇಂಥ ಗೂಡೊಳಗೆ ಇಡ್ಬಾರ್ದು ಸಾರ್, ಬಿಸಿಯಾಗ್ತದೆ. ಎದುರು ಗೋಡೆಗೆ ಹೊಡೀತೀವಲ್ಲ." ಡಬ್ಬದ ತಳಕ್ಕೆ ಕೈ ಹಾಕಿ ಕಬ್ಬಿಣದ ಎರಡು ಪಟ್ಟಿ ತೆಗೆದರು. "ಕ್ಲಾಂಪು ಇದ್ರಲ್ಲೇ ಬರ್ತದೆ ಸಾರ್."

ಇಪ್ಪತ್ತು ನಿಮಿಷದಲ್ಲಿ ಟೀವಿ ಗೋಡೆಗೇರಿತು! ಗೂಡಿಗೆ ಯಾವ ಕೆಲಸವೂ ಉಳಿಯಲಿಲ್ಲ. ನನಗೂ ಅಷ್ಟೇ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆ ಹೇಳಿದವರು ಹೆಂಡತಿ ತವರಿನ ಶೋಕೇಸು ಕೊಯ್ದವರಿರಲಾರರು.

ಸಂಜೆ ಗಿರಿಜಾ ಬಂದಳು. ನಾನು ಬೈಗುಳ ಕೇಳಲು ಸಿದ್ಧನಾಗಿ, ಅಪರಾಧಿಗೆ ತಕ್ಕಂತೆ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಗೋಡೆಯ ಮೇಲಿನ ಟೀವಿಯ ಕಡೆ ತಿರುಗಲೂ ಇಲ್ಲ. ಚಪ್ಪಲಿ ಬಿಟ್ಟವಳೇ ಶೋಕೇಸಿನ ಮುಂದೆ ನಿಂತು, ಕಂಬ ಇದ್ದ ಜಾಗದಲ್ಲಿ ಕೈಯಾಡಿಸಿದಳು.

"ತುಂಡು ಎಲ್ಲಿ?"

ಕೊಟ್ಟೆ. ಸೆರಗಿನಿಂದ ಒರೆಸಿದಳು. ಶೋಕೇಸಿನ ಹಿಂದಕ್ಕೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು ಏನನ್ನೋ ತಡವಿದಳು.

"ಇಲ್ಲಿ ನಾಲ್ಕು ಸ್ಕ್ರೂ ಇದಾವೆ. ಬಿಚ್ಚಿದ್ರೆ ಇಡೀ ಕಂಬ ಹಂಗೇ ಹೊರಗೆ ಬರ್ತಿತ್ತು. ಮುಂದೆ ದೊಡ್ಡ ಟೀವಿ ಬಂದ್ರೆ ಬೇಕಾಗ್ತದೆ ಮಗಾ ಅಂತ ಅಪ್ಪಾನೇ ಹಂಗೆ ಮಾಡಿದ್ರು. ನಿನ್ನೆ ಫೋನಲ್ಲಿ ಅದನ್ನೇ ಹೇಳೋಕೆ ಬಂದೆ."

ಅಗಲ ಅಳೆಯಿರಿ ಎಂದವಳು ಅವಳು. ಮೂವತ್ತಮೂರು ವರ್ಷ ಮಕ್ಕಳಿಗೆ ಕಿವಿಗೊಟ್ಟು ಕೇಳಿ ಎಂದು ಕಿರುಚಿದವನು ನಾನು. ಅವಳು ರೇಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ರೇಗಲಿಲ್ಲ. ಕೈಕಾಲು ತೊಳೆದುಕೊಂಡು ಬಂದು, ಅಕ್ಕನ ಕಣ್ಣು ಈಗ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಅನ್ನಕ್ಕಿಟ್ಟಳು.

ಬಡಗಿಯೊಬ್ಬರನ್ನು ಕರೆಸಿ ತುಂಡನ್ನು ಮತ್ತೆ ಸೇರಿಸಿದ್ದಾಯಿತು. ಪುಡಿಯಾಗಿ ಹೋದ ಎರಡು ಬೆರಳಿನಗಲಕ್ಕೆ ಹೊಸ ಮರದ ಪಟ್ಟಿ ಕೂರಿಸಿದರು. ಎಷ್ಟು ಪಾಲಿಶ್ ಹೊಡೆದರೂ ಅದು ಬೆಳ್ಳಗೇ ಉಳಿಯಿತು. ಬಳ್ಳಿ ಅಲ್ಲಿಗೆ ಬಂದು ನಿಂತು, ಎರಡು ಬೆರಳು ಬಿಟ್ಟು ಮತ್ತೆ ಶುರುವಾಗುತ್ತದೆ. ಟೀವಿಯಲ್ಲಿ ಯಾರೇ ಬಂದು ಮಾತಾಡಿದರೂ ಅವರ ಹಣೆಯ ಮೇಲೆ ಮಸುಕಾದ ಮೂರು ಪಟ್ಟೆ. ಸುದ್ದಿ ಓದುವವರಿಗೂ ತಪ್ಪಿದ್ದಲ್ಲ.

ಕಳೆದ ದಸರೆಯಲ್ಲಿ ಬೊಂಬೆ ನೋಡಲು ಬಂದ ಎದುರು ಮನೆಯ ಹೊಸ ಸೊಸೆ ಬೊಂಬೆ ಬಿಟ್ಟು ಶೋಕೇಸನ್ನೇ ನೋಡುತ್ತ ನಿಂತಳು.

"ಎಷ್ಟ್ ಚೆನ್ನಾಗಿದೆ ಆಂಟಿ! ಯಾರು ಮಾಡಿದ್ದು?"

"ನಮ್ಮಪ್ಪ," ಎಂದಳು ಗಿರಿಜಾ.

"ಮಧ್ಯದಲ್ಲಿ ಇದೇನು, ಬೆಳ್ಳಗೆ?"

"ಅಷ್ಟು ನಮ್ಮನೆಯವ್ರು ಮಾಡಿದ್ದು."

ಆ ಹುಡುಗಿ ಕಣ್ಣರಳಿಸಿ ನನ್ನತ್ತ ತಿರುಗಿದಳು. "ಹೌದಾ ಅಂಕಲ್? ನಿಮ್ಗೆ ಮರದ ಕೆಲಸಾನೂ ಬರುತ್ತಾ?"

"ಬರಲ್ಲಮ್ಮಾ," ಎಂದೆ.

ಇಡೀ ಪ್ರಕರಣದಲ್ಲಿ ನಾನು ಕೊಟ್ಟ ಸರಿಯಾದ ಉತ್ತರ ಅದೊಂದೇ.