ವಾಪಸ್ ಬಂದ ಮಿಕ್ಸಿಯೂ ನನ್ನ ಸೋದರಮಾವನೂ

ನನ್ನ ಸೋದರಮಾವನಿಗೆ ನೀವು ಏನು ಬೇಕಾದರೂ ಉಡುಗೊರೆ ಕೊಡಿ, ಹೊಸದನ್ನು ಮಾತ್ರ ಕೊಡಬೇಡಿ. ಹೊಸ ವಸ್ತು ಕಂಡರೆ ಅವರ ಮುಖ ಬಾಡುತ್ತದೆ! ಯಾರೋ ಕೊಂಡು, ಬೈದು, ವಾಪಸ್ ತಂದು ಕುಕ್ಕಿದ ವಸ್ತು ಕಂಡರೆ ಮಾತ್ರ ಮದುಮಗನ ಕಳೆ ಬರುತ್ತದೆ.

ಅವರ ಕೆಲಸವೇ ಅದು. ಪುತ್ತೂರಿನ ಒಂದು ದೊಡ್ಡ ಅಂಗಡಿಯ ಹಿಂದೆ ಗೋದಾಮು ಉಂಟು. ಗಿರಾಕಿಗಳು ವಾಪಸ್ ತಂದ ಮಿಕ್ಸಿ, ಫ್ಯಾನ್, ಕುಕ್ಕರುಗಳೆಲ್ಲ ಅಲ್ಲಿ ಮಾವನ ಎದುರು ಸಾಲಾಗಿ ಕೂರುತ್ತವೆ. ಸರಿ ಇರುವುದು ಮತ್ತೆ ಅಂಗಡಿಗೆ, ಕೆಟ್ಟದ್ದು ಕಂಪೆನಿಗೆ, ಯಾರಿಗೂ ಬೇಡದ್ದು ಗುಜರಿಗೆ. ಗುಜರಿಯ ಮೂಲೆ ಮಾತ್ರ ಯಾವತ್ತೂ ಖಾಲಿ! ಗುಜರಿಯವನು ಬಂದು ಬಂದು ಸೋತು, ಈಗ ಚಹಾ ಕುಡಿಯಲಿಕ್ಕೆ ಮಾತ್ರ ಬರುತ್ತಾನೆ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಮಂಗಳೂರಿನ ಕಾಲೇಜು ಹಾಸ್ಟೆಲಿನಿಂದ ಬ್ಯಾಗು ಹೊತ್ತು ಓಡಿ ಬಂದ ನಾನು, ಕಡಬದ ಮನೆಗೆ ಹೋಗುವ ಧೈರ್ಯ ಸಾಲದೆ ಪುತ್ತೂರಿನಲ್ಲೇ ಇಳಿದುಬಿಟ್ಟಿದ್ದೆ. ಅಮ್ಮನಿಗೆ ‘ಊಟ ಸರಿಯಿಲ್ಲ’ ಎಂದು ಮೆಸೇಜು ಹಾಕಿದ್ದೆ. ಅಪ್ಪ ಮಾವನಿಗೆ ಫೋನು ಮಾಡಿ, ಭಾನುವಾರ ತಾನೇ ಬಂದು ನನ್ನನ್ನು ಹಾಸ್ಟೆಲಿಗೆ ವಾಪಸ್ ಬಿಟ್ಟು ಬರುವುದಾಗಿ ಹೇಳಿದರು. ಅಂದರೆ ಭಾನುವಾರದವರೆಗೆ ನಾನೂ ಗೋದಾಮಿನ ಮಾಲು! ಮಾವ ಏನೂ ಕೇಳಲಿಲ್ಲ. ಕೈಗೊಂದು ಒರೆಸುವ ಬಟ್ಟೆ ಕೊಟ್ಟರು, ಅಷ್ಟೇ.

ಕೌಂಟರಿನಲ್ಲಿ ಹೇಳಿದ ಕಾರಣವನ್ನು ನಂಬಬಾರದು ಎಂಬುದು ಮಾವನ ಮೊದಲ ಪಾಠ.

“ವಸ್ತು ಸುಳ್ಳು ಹೇಳುದಿಲ್ಲ ಮಾರಾಯ, ತಂದವರು ಹೇಳುದು. ಪಾಪ, ಕೆಲವು ಸಲ ಅವರಿಗೂ ಸರಿಯಾದ ಕಾರಣ ಗೊತ್ತಿರುದಿಲ್ಲ.”

ಮರ್ಕಂಜದಿಂದ ಒಂದು ಮಿಕ್ಸಿ ಬಂತು. ದೂರು: ಶಬ್ದ ಜಾಸ್ತಿ. ಮಾವ ಮೊದಲು ಜಾರಿನೊಳಗೆ ಮೂಗು ತೂರಿಸಿದರು. ವೈದ್ಯರು ನಾಡಿ ನೋಡುವಾಗಲೂ ಅಷ್ಟು ಗಂಭೀರವಾಗಿರುವುದಿಲ್ಲ! ಬಸಳೆ ಸಾಂಬಾರಿಗೆ ಅರೆದಿದ್ದಾರೆ, ತೆಂಗಿನಕಾಯಿ ನುಣ್ಣಗಾಗಿದೆ, ಮೋಟಾರು ಗಟ್ಟಿ ಎಂಬ ತೀರ್ಪು ಬಂತು. ಆಮೇಲೆ ಆ ಮನೆಗೆ ಫೋನು. ಹತ್ತು ನಿಮಿಷ ಮಳೆ, ಅಡಿಕೆ ರೇಟು, ನೆಂಟರ ಮದುವೆ ಎಲ್ಲ ಮಾತಾಡಿದ ಮೇಲೆ ನಿಜ ಹೊರಬಿತ್ತು. ಸೊಸೆ ಮಿಕ್ಸಿ ಹಾಕಿದರೆ ಅತ್ತೆಗೆ ಸೀರಿಯಲ್ ಕೇಳಿಸುವುದಿಲ್ಲವಂತೆ! ಜಾಹೀರಾತು ಬರುವಾಗ ಅರೆಯಿರಿ ಎಂದು ಮಾವ ಉಪಾಯ ಹೇಳಿದರು. ಮರುದಿನ ಸೊಸೆಯೇ ಬಂದು ಮಿಕ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದರು.

ಕೊಯಿಲದ ಟೇಬಲ್ ಫ್ಯಾನಿನದ್ದು ಇನ್ನೊಂದು ಕಥೆ. ತಂದವರು, ಪೆಟ್ಟಿಗೆಯಿಂದ ತೆಗೆದದ್ದೇ ಇಲ್ಲ, ಗಾಳಿಯೇ ಬರುವುದಿಲ್ಲ ಎಂದಿದ್ದರು. ತೆಗೆಯದೆ ಗಾಳಿ ಬರುವುದಿಲ್ಲವೆಂದು ಹೇಗೆ ಗೊತ್ತಾಯಿತು ಎಂದು ಕೇಳಬೇಕೆಂದು ನನ್ನ ನಾಲಗೆ ತುರಿಸಿತು. ಮಾವ ಸ್ವಿಚ್ಚು ಒತ್ತಿದರು. ಗಾಳಿ ಬಂತು ನೋಡಿ! ಬರಿ ಗಾಳಿಯಲ್ಲ, ಘಾಟು! ಮಾವ ಸೀನಿದರು, ನಾನು ಸೀನಿದೆ, ಚಹಾ ಕುಡಿಯುತ್ತಿದ್ದ ಗುಜರಿಯವನು ಲೋಟ ಸಮೇತ ಸೀನಿದ. ಅಂಗಡಿಯ ಮುಂದೆ ನಿಂತಿದ್ದ ಸುಳ್ಯದ ಬಸ್ಸೂ ಸೀನಿತು ಎಂದರೆ ನೀವು ನಂಬಲಿಕ್ಕಿಲ್ಲ. ಬಿಡಿ. ಇಡೀ ತೋಟದ ಕರಿಮೆಣಸನ್ನು ಆ ಫ್ಯಾನಿನ ಎದುರು ಗಾಳಿಸಿ, ಕೆಲಸ ಮುಗಿದ ಮೇಲೆ ವಾಪಸ್ ತಂದಿದ್ದರು! ಮಾವ ಕಣ್ಣೊರೆಸಿಕೊಂಡು, ಒಳ್ಳೆ ಮೆಣಸು ಎಂದು ಮೆಚ್ಚಿಕೊಂಡರು.

ಹೀಗೆ ಭಾನುವಾರ ಬಂದೇ ಬಿಟ್ಟಿತು. ಗೋದಾಮಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅವರ ಕಣ್ಣು ನೇರ ನನ್ನ ಬ್ಯಾಗಿನ ಮೇಲೆ.

“ಎಂತ ಭಾವ, ಹೊರಡುದಲ್ವಾ ಇವ? ಊಟ ಸರಿ ಇಲ್ಲವಂತೆ. ಊಟಕ್ಕೆ ಅಂತ ಹಾಸ್ಟೆಲಿಗೆ ಹಾಕಿದ್ದಾ ಇವನನ್ನು?”

ಮಾವ ಕುಕ್ಕರಿನ ಮುಚ್ಚಳ ಕೆಳಗಿಟ್ಟರು.

“ಊಟದ್ದಲ್ಲ ಭಾವ. ಇಷ್ಟು ದಿನ ನಾನು ಮಾಡಿದ ಸಾರು ಉಂಡಿದ್ದಾನೆ. ಅದು ಇಳಿದವನಿಗೆ ಯಾವ ಊಟವೂ ಇಳೀತದೆ.”

ನಾನು ನಗಲಿಕ್ಕೆ ಬಾಯಿ ತೆರೆದೆ. ಮಾವ ನಗಲಿಲ್ಲ.

“ಬಂದ ದಿನ ಇವ ಬಾಯಿ ಬಿಡ್ಲಿಲ್ಲ. ನೀರು ಬೇಕಾ ಕೇಳಿದ್ರೆ ತಲೆ ಆಡಿಸುದು. ಮರುದಿನವೂ ಹಾಗೇ. ನಮ್ಮ ಇವ! ತೊಟ್ಟಿಲಲ್ಲೂ ಸುಮ್ಮನಿದ್ದವನಲ್ಲ. ನನಗೆ ಹೆದರಿಕೆ ಆಯ್ತು ಭಾವ.”

ಇಷ್ಟು ಹೊತ್ತು ನಿಮಗೆ ಮಿಕ್ಸಿ, ಫ್ಯಾನು ಎಂದು ಏನೇನೋ ಹೇಳಿದೆನಲ್ಲ, ಇದೊಂದನ್ನು ನಾನು ಹೇಳಲೇ ಇಲ್ಲ.

ಅಪ್ಪ ನನ್ನ ಕಡೆ ತಿರುಗಿದರು. “ಅಲ್ಲಿ ಮಾತಾಡ್ಲಿಕ್ಕೆ ಬಿಡುದಿಲ್ವಾ?”

“ಓದುವ ಹೊತ್ತಲ್ಲಿ ಮಾತಾಡ್ಬಾರ್ದು ಅಪ್ಪ,” ಎಂದೆ. “ಎಲ್ಲಾ ಹೊತ್ತೂ ಓದುವ ಹೊತ್ತೇ.”

ಮಾವ ಮುಂದುವರಿಸಿದರು. “ಫ್ಯಾನಿನ ಘಾಟಿಗೆ ಸೀನಿ ಸೀನಿ ನಗ್ಲಿಕ್ಕೆ ಶುರು ಮಾಡಿದ. ಅಲ್ಲಿಂದ ಬಾಯಿ ನಿಂತಿಲ್ಲ, ನನ್ನ ತಲೆ ಚಿಟ್ಟು ಹಿಡಿದುಂಟು. ಎಂತದೂ ಕೆಟ್ಟಿಲ್ಲ ಭಾವ ಇವನಿಗೆ. ಆ ಜಾಗ ಇವನಿಗಲ್ಲ, ಅಷ್ಟೇ.”

ಅಪ್ಪ ನನ್ನ ಬ್ಯಾಗನ್ನೆತ್ತಿ ಬಾಗಿಲ ಕಡೆ ಹೋಗುವ ಬದಲು ಮಾವನ ಮೇಜಿನ ಮೇಲೆ ಇಟ್ಟರು.

“ಇಲ್ಲಿಯ ಕಾಲೇಜಲ್ಲಿ ಈಗ ಸೀಟು ಸಿಗ್ಬಹುದಾ ಭಾವ?”

“ನಾಳೆ ಹೋಗಿ ಕೇಳುವ. ಮನೆಯಲ್ಲಿ ಜಾಗ ಉಂಟು.”

ಇಂಥ ಹೊತ್ತಿಗೆಂದೇ ನನ್ನ ಬಳಿ ಭರ್ಜರಿ ಜೋಕೊಂದು ತಯಾರಿತ್ತು. ಅದನ್ನು ಹಾಗೇ ಬಿಟ್ಟೆ. ಬಟ್ಟೆ ತೆಗೆದುಕೊಂಡು, ತಲೆ ತಗ್ಗಿಸಿ, ಕೊಯಿಲದ ಫ್ಯಾನನ್ನು ಒರೆಸತೊಡಗಿದೆ.

ಸ್ವಲ್ಪ ಹೊತ್ತಿಗೆ ಮಾವ ನನ್ನ ಬೆನ್ನ ಹಿಂದೆ ಬಂದು ನಿಂತರು.

“ಸುಮ್ಮನೆ ಒರೆಸ್ಬೇಡ ಮಾರಾಯ,” ಎಂದರು. “ಮಾತಾಡ್ತಾ ಒರೆಸು.”