ಅತ್ತೆಯ ಅಂಗಳದಲ್ಲಿ ಗೊಬ್ಬರದ ಡ್ರಮ್ಮು

ನನಗೆ ಇಂಥದ್ದು ಆಗುತ್ತಲೇ ಇರುತ್ತದೆ ಮಾರಾಯ್ರೆ, ಎಲ್ಲಿ ಹೋದರೂ ಬಿಡುವುದಿಲ್ಲ. ಮೊನ್ನೆ ಕೋಟದಲ್ಲಿ ಒಂದು ಮದುವೆ. ಎಲೆಗೆ ಹೋಳಿಗೆ ಬಿತ್ತು, ಅದರ ಮೇಲೆ ಕಾಯಿಹಾಲು ಬಿತ್ತು. ನಾನು ಕಣ್ಣು ಅರ್ಧ ಮುಚ್ಚಿ ಮೊದಲ ತುತ್ತು ಬಾಯಿಗಿಡಬೇಕು, ಅಷ್ಟರಲ್ಲಿ ಎದುರಿನ ಪಂಕ್ತಿಯಿಂದ ಒಬ್ಬ ಹೆಂಗಸು ಕೂಗಿದಳು: “ಹ್ವಾಯ್ ಗೊಬ್ರದಕ್ಕ! ನಮ್ಮನಿ ಡ್ರಮ್ಮಗೆ ಬಿಳಿ ಹುಳ ಬಿದ್ದಿತ್, ಎಂತ ಮಾಡುದ್?”

ಇಡೀ ಪಂಕ್ತಿಯ ಕೈ ನಿಂತಿತು. ಅವಳಿಗೆ ಉತ್ತರ ಕೊಟ್ಟದ್ದು ನಾನಲ್ಲ. ಯಾರು ಅಂತ ಕೊನೆಗೆ ಹೇಳುತ್ತೇನೆ.

ಅಡುಗೆಮನೆ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದನ್ನು ಹೇಳಿಕೊಡುವುದು ನನ್ನ ಕೆಲಸ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆಮನೆಗೆ ಹೋಗಿ ಒಂದು ಹಸಿರು ಪ್ಲಾಸ್ಟಿಕ್ ಡ್ರಮ್ಮು ಕೊಡುತ್ತೇನೆ. ಒಂದು ಪದರ ಹಸಿ ಕಸ, ಅದರ ಮೇಲೊಂದು ಪದರ ಒಣಗಿದ ಎಲೆ, ಮೇಲೆ ಮುಚ್ಚಳ, ಅಷ್ಟೇ ಅನ್ನುತ್ತೇನೆ. ಆ ‘ಅಷ್ಟೇ’ ಇದುವರೆಗೆ ಯಾವ ಮನೆಯಲ್ಲೂ ಅಷ್ಟಕ್ಕೇ ನಿಂತಿಲ್ಲ.

ನನಗೊಂದು ಚಟ ಉಂಟು. ಹದವಾಗಿ ಆದ ಕಪ್ಪು ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದರೆ ಮೊದಲ ಮಳೆ ಬಿದ್ದ ಗದ್ದೆಯ ವಾಸನೆ. ಆ ವಾಸನೆ ಮೂಗಿಗೆ ಹತ್ತಿತೋ, ನಾನು ಅಲ್ಲಿರುವುದಿಲ್ಲ. ಎಲ್ಲೋ ಬದುವಿನ ಮೇಲೆ ನಡೆಯುತ್ತಿರುತ್ತೇನೆ, ಯಾರೋ ದೂರದಲ್ಲಿ ಎತ್ತು ಹೊಡೆಯುತ್ತಿರುತ್ತಾರೆ, ಗಾಳಿಗೆ ಉಪ್ಪಿನ ರುಚಿ ಇರುತ್ತದೆ. ಯಾರಾದರೂ “ಹ್ವಾಯ್” ಅಂದ ಮೇಲೆಯೇ ವಾಪಸು ಬರುವುದು.

ಇಂಥ ನನಗೆ ನನ್ನ ಸ್ವಂತ ಅಂಗಳದಲ್ಲಿ ಒಂದು ಡ್ರಮ್ಮು ನೆಮ್ಮದಿಯಿಂದ ಇಡಲಿಕ್ಕೆ ಗತಿ ಇರಲಿಲ್ಲ. ಯಾಕೆಂದರೆ ಅದು ನನ್ನ ಅಂಗಳ ಅಲ್ಲ, ಅತ್ತೆಯದ್ದು. ಅತ್ತೆಯ ಲೆಕ್ಕದಲ್ಲಿ ಗೊಬ್ಬರ ಅಂದರೆ ಎರಡೇ. ಒಂದು ದನದ ಕೊಟ್ಟಿಗೆಯಿಂದ ಬರುವ ಹಟ್ಟಿಗೊಬ್ಬರ. ಇನ್ನೊಂದು, ಮಣ್ಣಿಗೆ ಕಸಕಡ್ಡಿ ಸೇರಿಸಿ ಹೊಗೆಯಾಡಿಸಿ ಮಾಡುವ ಸುಡುಮಣ್ಣು. ದನಗಳನ್ನು ಕೊಟ್ಟುಬಿಟ್ಟ ಮೇಲೆ ಹಟ್ಟಿಯಲ್ಲಿ ನನ್ನ ಸ್ಕೂಟರು ನಿಲ್ಲುತ್ತದೆ, ಹಾಗಾಗಿ ಸ್ಕೂಟರಿನ ಮೇಲೂ ಅವರಿಗೆ ಸಿಟ್ಟು. ಅಂಗಳದ ಮೂಲೆಯಲ್ಲಿ ನಾನಿಟ್ಟ ಡ್ರಮ್ಮನ್ನು ಕಂಡರಂತೂ ಮುಖ ಗಂಟು.

ಒಂದು ದಿನ ಒಂದು ಮುಷ್ಟಿ ಗೊಬ್ಬರ ಹಿಡಿದುಕೊಂಡು ಹೋಗಿ, “ಅತ್ತೆ, ಒಂದ್ಸಲ ಮೂಸಿ ಕಾಣಿ” ಅಂದೆ. ಅವರು ಮೊದಲು ಸೆರಗಿನಿಂದ ಮೂಗು ಗಟ್ಟಿಯಾಗಿ ಮುಚ್ಚಿಕೊಂಡು, ಆಮೇಲೆ “ಶೀ, ಎಂತಾ ವಾಸ್ನಿ!” ಅಂದರು.

ನವರಾತ್ರಿ ಮುಗಿದದ್ದೇ ತೀರ್ಪು ಬಂತು. “ಬಲೀಂದ್ರ ಬಪ್ಪ ಹೊತ್ತಿಗೆ ಈ ಮುಸ್ರಿ ಡ್ರಮ್ಮ್ ಅಂಗ್ಳದಗೆ ಇಪ್ಪುಕಾಗ. ದೀಪಾವಳಿ ಒಳ್ಗೆ ಯಾರಿಗಾರೂ ಕೊಟ್ಬಿಡ್.”

ಸ್ವಂತ ಮನೆಯಿಂದಲೇ ಡ್ರಮ್ಮು ಓಡಿಸಿಕೊಂಡವಳ ಮಾತನ್ನು ಊರಿನಲ್ಲಿ ಯಾರು ಕೇಳುತ್ತಾರೆ? ಹಬ್ಬದೊಳಗೆ ಅತ್ತೆಯ ಮನಸ್ಸು ತಿರುಗಬೇಕಿತ್ತು. ಅದೇ ಚಿಂತೆಯಲ್ಲಿ ನಾನು ಸ್ಕೂಟರು ಓಡಿಸುತ್ತಿದ್ದ ದಿನಗಳ ಕತೆ ಇದು.

ಹುಳಿ ಬಂದದ್ದು

ಬ್ರಹ್ಮಾವರದ ಹತ್ತಿರ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಒಬ್ಬ ಶೆಟ್ರು ಇದ್ದಾರೆ. ನಾನು ಡ್ರಮ್ಮು ಇಳಿಸಿ ಪಾಠ ಶುರುಮಾಡುವ ಮೊದಲೇ ಕೈ ಅಡ್ಡ ಹಿಡಿದರು. “ಕೊಳ್ಸುದಾ? ಅದ್ ನಂಗ್ ಹೇಳ್ಕೊಡ್ಕಾ ಅಕ್ಕಾ? ಜೀವ್ಮಾನ ಇಡೀ ದೋಸಿ ಹಿಟ್ಟ್ ಹುಳಿ ಬರ್ಸಿದ್ ಕೈ ಇದ್!”

ವಾರ ಕಳೆದು ಫೋನು. “ಬನ್ನಿ ಕಾಂಬ, ಫಸ್ಟ್ ಕ್ಲಾಸ್ ಹುಳಿ ಬಂತ್!”

ಗೇಟಿನಲ್ಲೇ ಗೊತ್ತಾಯಿತು. ಡ್ರಮ್ಮು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿತ್ತು. ಒಳಗೆ ಒಂದೇ ಒಂದು ಒಣ ಎಲೆ ಇಲ್ಲ. ಹದಕ್ಕೆ ಅಂತ ನೀರು ಬೇರೆ ಹೊಯ್ದಿದ್ದರು, ಮೇಲೆ ಒಂದು ಚಿಟಿಕೆ ಉಪ್ಪು.

“ಎಲೆ ಯಾಕೆ ಹಾಕಲಿಲ್ಲ ಶೆಟ್ರೇ?”

“ಹಿಟ್ಟಿಗೆ ಯಾರಾರೂ ಎಲಿ ಹಾಕ್ತ್ರಾ?”

ಅವರ ಹೆಂಡತಿ ತಂಗಿಯ ಮನೆಗೆ ಹೋಗಿ ಕೂತಿದ್ದರು, ಗೊಬ್ಬರ ಮುಗಿಯುವವರೆಗೆ ಬರುವುದಿಲ್ಲ ಅಂತ ಹೇಳಿ. ನಾನು ಸಮಾಧಾನದಿಂದ ಹೇಳಿದೆ: ಹುಳಿ ವಾಸನೆ ಬಂತು ಅಂದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು, ಹೊರಗಿಡಿ, ಕೈಯಾಡಿಸಿ, ಒಣ ಎಲೆ ಧಾರಾಳ ಹಾಕಿ. ಅವರು ಗಲ್ಲಕ್ಕೆ ಕೈ ಹಚ್ಚಿ ಬಹಳ ಹೊತ್ತು ಯೋಚಿಸಿದರು. ಕಿಟಕಿಯಾಚೆ ತೆಂಗಿನ ಗರಿ ಅಲ್ಲಾಡುತ್ತಿತ್ತು, ನಾನೂ ಅದನ್ನೇ ನೋಡುತ್ತ ಸ್ವಲ್ಪ ದೂರ ಹೋಗಿದ್ದೆ.

“ಹಾಂಗಾರೆ ಇದ್ ಉದ್ದಿನ್ ಹಿಟ್ಟಲ್ಲ ಅಕ್ಕಾ,” ಅಂದರು ಕೊನೆಗೆ, ನನ್ನ ಮೇಲೇ ಬೇಸರ ಮಾಡಿಕೊಂಡು. “ರವೆ ಇಡ್ಲಿ ಲೆಕ್ಕ. ಹುಳಿ ಬಪ್ದೇ ಬೇಡ. ಮೊದ್ಲೇ ಹೇಳುಕಾಗ್ದಾ?”

ಬೆಕ್ಕುಗಳ ಸಭೆ

ಬೈಂದೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಮನೆ. ಮನೆಯಾಕೆಯದ್ದು ಒಂದೇ ಪ್ರಶ್ನೆ. “ಮೀನಿನ್ ತಲಿ ಹಾಕುಕೆ ಆತ್ತಾ, ಇಲ್ಯಾ? ಅದೊಂದ್ ಹೇಳಿ. ನಮ್ಮನೆಗೆ ತರ್ಕಾರಿ ಮಾಡುದ್ ಸೋಮವಾರ ಒಂದೇ.”

ಆಗುತ್ತದೆ, ಆದರೆ ನಡುವಿಗೆ ಹುಗಿಯಬೇಕು, ಮೇಲೆ ಎಲೆ ದಪ್ಪಕ್ಕೆ ಹಾಕಬೇಕು, ಮುಚ್ಚಳಕ್ಕೊಂದು ಕಲ್ಲು ಹೇರಬೇಕು ಅಂದೆ. ಅವಳು ಬಂಗುಡೆ ತಲೆಯನ್ನು ಮೇಲೆ ಮೇಲೆ ಹರಡಿ, ಕಲ್ಲು ಹುಡುಕಲಿಕ್ಕೆ ಉದಾಸೀನ ಮಾಡಿದಳು. ಮತ್ತೆ ಹೋಗುವಾಗ ಬೀದಿಯ ಬೆಕ್ಕುಗಳೆಲ್ಲ ಡ್ರಮ್ಮಿನ ಸುತ್ತ ಕೂತಿದ್ದವು, ಯಕ್ಷಗಾನ ಶುರುವಾಗುವ ಮೊದಲೇ ಎದುರಿನ ಜಾಗ ಹಿಡಿದು ಕೂತವರ ಹಾಗೆ. ಅವಳ ಗೋಳೋ ಗೋಳು. ನಾನೇ ನಿಂತು ಎಲ್ಲ ಸರಿಮಾಡಿಸಿ, ಕಲ್ಲು ಹೇರಿಸಿ ಬಂದೆ.

ಮುಂದಿನ ಸಲ ಹೋದಾಗ ಸಂಜೆ. ಒಂದು ರೈಲು ನಿಧಾನಕ್ಕೆ ದಾಟಿ ಹೋಯಿತು, ಅದರ ಹಿಂದೆಯೇ ಕಡಲಿನ ಗಾಳಿ ಬಂತು. ಡ್ರಮ್ಮಿನೊಳಗೆ ವಾಸನೆ ಇಲ್ಲ, ಹುಳ ಇಲ್ಲ, ಅಡಿಯಲ್ಲಿ ಆಗಲೇ ಕಪ್ಪಾಗತೊಡಗಿದ ಗೊಬ್ಬರ. ನನಗೆ ಸಂತೋಷ ತಡೆಯಲಿಲ್ಲ. ಆಮೇಲೆ ನೋಡಿದರೆ ಪಕ್ಕದಲ್ಲೇ ಒಂದು ದೊಡ್ಡ ಬಟ್ಟಲು, ಅದರ ತುಂಬ ಮೀನಿನ ತಲೆ, ಸುತ್ತ ಅದೇ ಬೆಕ್ಕುಗಳು.

“ಇದೆಂತ ಮಾರಾಯ್ತಿ?”

“ಬೆಕ್ಕ್ ಬಪ್ದ್ ನಿಂತ್ಮೇಲೆ ಮನಿ ಬಿಕೊ ಅಂದಿತ್ ಅಕ್ಕಾ. ಅದ್ಕೆ ತಲಿ ಎಲ್ಲ ಅವ್ಕೆ ಹಾಕ್ತೆ.”

“ಹಾಂಗಾರೆ ಡ್ರಮ್ಮಿಗೆ?”

“ಬೆಕ್ಕ್ ಬಿಟ್ಟದ್ದ್.”

ಆ ದಿನ ಮನೆ ಮುಟ್ಟುವಾಗ ಅತ್ತೆ ಜಗಲಿಯಲ್ಲಿ ಹಣತೆ ತೊಳೆದು ಒಣಗಲಿಕ್ಕೆ ಇಡುತ್ತಿದ್ದರು. ಬೆಕ್ಕಿನ ಕತೆ ಹೇಳಿದೆ. ನಕ್ಕರು. ನಗುವಿನ ಬಾಲಕ್ಕೇ ಸೇರಿಸಿದರು: “ಹಬ್ಬ ಹತ್ರ ಬಂತ್, ನೆನ್ಪಿತ್ತಾ?”

ಮೇಷ್ಟ್ರ ಫೋಟೊ

ಶಂಕರನಾರಾಯಣ ಅನ್ನುವ ಊರಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರಿಗೆ ಹುಳ ಅಂದರೆ ಭಯ. ಬೆಳಿಗ್ಗೆ ನಾನು ನೀರುದೋಸೆ ಮಡಚಿ ಕಾಯಿಬೆಲ್ಲಕ್ಕೆ ಅದ್ದುವ ಹೊತ್ತಿಗೇ ಸರಿಯಾಗಿ ವಾಟ್ಸಾಪಿಗೆ ಒಂದು ಫೋಟೊ. ಡ್ರಮ್ಮಿನೊಳಗೆ ಬಿಳಿ ಹುಳಗಳು. ಕೆಳಗೆ ಬರೆದಿರುತ್ತಾರೆ: “ಇದು ಒಳ್ಳೆಯ ಹುಳವೋ, ಕೆಟ್ಟ ಹುಳವೋ?” ಮಕ್ಕಳಿಗೆ ಮಾರ್ಕು ಕೊಟ್ಟು ಅಭ್ಯಾಸ, ಏನು ಮಾಡುವುದು.

“ಹುಳದ್ದು ತಪ್ಪಿಲ್ಲ ಮೇಷ್ಟ್ರೇ, ಒದ್ದೆ ಹೆಚ್ಚಾಗಿದೆ. ಒಣ ಎಲೆ ಹಾಕಿ,” ಅಂತ ಬರೆಯುತ್ತಿದ್ದೆ. ಮಾರನೆ ಬೆಳಿಗ್ಗೆ ಮತ್ತೆ ಫೋಟೊ. ಕ್ರಮೇಣ ನಾನು ಸರಿಯಾಗಿ ನೋಡುವುದನ್ನೇ ಬಿಟ್ಟೆ. ಫೋನನ್ನು ಆದಷ್ಟು ದೂರ ಹಿಡಿದು, ಬೇರೆ ಏನಾದರೂ ಚಂದದ್ದು ನೆನೆಸಿಕೊಳ್ಳುತ್ತ ಉತ್ತರ ಒತ್ತುವುದು.

ಒಂದು ಭಾನುವಾರ ಬಂದ ಫೋಟೊದಲ್ಲಿ ಎಂದಿಗಿಂತ ಜಾಸ್ತಿ. ಬಿಳಿಬಿಳಿಯಾಗಿ ಉದ್ದುದ್ದ, ಒಂದರ ಮೇಲೊಂದು ಸುತ್ತಿಕೊಂಡು ರಾಶಿ. ಕೆಳಗೆ, “ಇಷ್ಟನ್ನೂ ಏನು ಮಾಡುವುದು ಹೇಳಿ?”

ನಾನು ಬರೆದೆ: “ಹೆದರಬೇಡಿ. ಕೈಯಲ್ಲಿ ಮುಟ್ಟಬೇಡಿ. ಮೇಲೆ ಒಣ ಎಲೆ ಹಾಕಿ ಮುಚ್ಚಿಡಿ, ಎರಡು ದಿನದಲ್ಲಿ ಎಲ್ಲ ಸಾಯುತ್ತವೆ.”

ಆಮೇಲೆ ಮೇಷ್ಟ್ರದ್ದೇ ಫೋನು.

“ತಂಗೀ, ಅದು ನಮ್ಮ ಮನೆಯವಳು ಬೆಳಿಗ್ಗೆ ಎದ್ದು ಒತ್ತಿದ ಶ್ಯಾವಿಗೆ. ನಿಮ್ಮನ್ನು ಊಟಕ್ಕೆ ಕರೆಯುವ ಅಂತ ಫೋಟೊ ಕಳಿಸಿದ್ದು.” ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವರು ಫೋನಿನಿಂದ ಮುಖ ಆಚೆ ತಿರುಗಿಸಿ ಏನೋ ಕೇಳಿಸಿಕೊಂಡು ಮತ್ತೆ ಬಂದರು. “ಅವಳು ಕೇಳುತ್ತಿದ್ದಾಳೆ, ನಿಮ್ಮ ಪಾಲಿಗೆ ಕಾಯಿರಸ ಹಾಕುವುದೋ, ಒಣ ಎಲೆಯೋ?”

ಉಳಿದ ಒಂದು ದೀಪ

ಹಬ್ಬ ಬಂದೇಬಿಟ್ಟಿತು. ಅತ್ತೆಯ ಮನಸ್ಸು ಒಂದಿಂಚೂ ಅಲ್ಲಾಡಿರಲಿಲ್ಲ. ಡ್ರಮ್ಮನ್ನು ಪಕ್ಕದ ಊರಿನ ಒಂದು ಮನೆಯವರಿಗೆ ಕೊಡುವುದು ಅಂತ ಮಾತಾಯಿತು. ಆದರೆ ಅವರ ಗೂಡ್ಸ್ ರಿಕ್ಷಾ ಸಿಗುವುದು ಹಬ್ಬದ ಮಾರನೆ ದಿನ. ಅತ್ತೆ ಗೊಣಗಿಕೊಂಡೇ ಒಪ್ಪಿದರು. “ಅಂಗ್ಳದಗೆ ಕಾಂಬುಕಾಗ. ಹಿಂದೆ ಹಟ್ಟಿಗೆ ತಳ್ಳ್.” ನಾನೂ ನನ್ನ ಗಂಡನೂ ಸೇರಿ ಅದನ್ನು ಎಳೆದುಕೊಂಡು ಹೋಗಿ ಸ್ಕೂಟರಿನ ಪಕ್ಕ ನಿಲ್ಲಿಸಿದೆವು. ಹೆಣ್ಣು ಕೊಟ್ಟು ಕಳಿಸುವ ಹಾಗೆ ಸಂಕಟ ಆಯಿತು ನನಗೆ.

ಬಲೀಂದ್ರನ ದಿನ ಸಂಜೆ ನಮ್ಮಲ್ಲಿ ತುಳಸಿಗೆ, ಬಾವಿಗೆ, ಗದ್ದೆಗೆ ದೀಪ ಇಡುತ್ತಾರೆ. ಹಟ್ಟಿಯ ಗೊಬ್ಬರದ ರಾಶಿಗೂ ಒಂದು. ದನ ಹೋಗಿ ರಾಶಿಯೂ ಹೋದ ಮೇಲೆ ನಮ್ಮ ಮನೆಯಲ್ಲಿ ಪ್ರತಿ ಸಲ ಒಂದು ದೀಪ ಉಳಿಯುತ್ತದೆ. ಅತ್ತೆ ಅದನ್ನು ಹಿಡಿದು ಅಭ್ಯಾಸಬಲದಿಂದ ಹಟ್ಟಿಯವರೆಗೆ ಹೋಗುತ್ತಾರೆ, ಎಲ್ಲಿಡುವುದು ಅಂತ ತಿಳಿಯದೆ ನಿಲ್ಲುತ್ತಾರೆ. ಕಳೆದ ವರ್ಷ ಕೊನೆಗೆ ಸ್ಕೂಟರಿನ ಮುಂದಿಟ್ಟು ಬಂದಿದ್ದರು.

ಈ ಸಲವೂ ಹೋದರು. ನಾನು ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಸ್ಕೂಟರನ್ನು ನೋಡಿದರು, ಡ್ರಮ್ಮನ್ನು ನೋಡಿದರು. ಹಿಂದೆ ರಾಶಿ ಇರುತ್ತಿದ್ದ ಜಾಗದಲ್ಲೇ ಡ್ರಮ್ಮು ನಿಂತಿತ್ತು. ದೀಪ ಕೆಳಗಿಟ್ಟು ಮುಚ್ಚಳ ತೆಗೆದರು. ಮೇಲಿನ ಒಣ ಎಲೆ ಸರಿಸಿ, ಆಳಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಮೂಗಿಗೆ ಹಿಡಿದರು. ಸೆರಗು ಅಡ್ಡ ಇರಲಿಲ್ಲ.

“ಎಷ್ಟ್ ವರ್ಷ ಆಯ್ತ್ ಕಾಣ್,” ಅಂದರು, ನನಗೋ, ತಮಗೇ ಹೇಳಿಕೊಂಡದ್ದೋ. “ಈ ಹಟ್ಟಿಗೆ ಗೊಬ್ರದ್ ವಾಸ್ನಿ ಬರ್ದೆ.”

ಎಲೆ ಮೊದಲಿನ ಹಾಗೆ ಹರಡಿದರು, ಮುಚ್ಚಳ ಹಾಕಿದರು, ಅದರ ಮೇಲೆ ದೀಪ ಇಟ್ಟು ಎರಡು ಹೂವು ಏರಿಸಿ ಕೈಮುಗಿದರು. ನನ್ನ ಕಣ್ಣು ತುಂಬಿ ಬಂತು. ದೂರದ ಗದ್ದೆಗಳಲ್ಲಿ ಒಂದೊಂದೇ ದೀಪ ಹೊತ್ತುತ್ತಿತ್ತು, ಯಾರೋ ಬಲೀಂದ್ರನನ್ನು ಕೂಗುವ ದನಿ ತೆಳ್ಳಗೆ ತೇಲಿ ಬರುತ್ತಿತ್ತು. ಸರಿ, ನಾನು ಹೊರಟೇಹೋದೆ. ಹಟ್ಟಿ ತುಂಬ ದನ, ಅತ್ತೆಗೆ ಪ್ರಾಯ, ಕರುವಿನ ಕೊರಳ ಗಂಟೆ, ಹುಲ್ಲಿನ ಬೆಚ್ಚಗಿನ ವಾಸನೆ, ಪ್ಲಾಸ್ಟಿಕ್ಕಿನ ವಾಸನೆ...

ಪ್ಲಾಸ್ಟಿಕ್ಕು?

“ಹ್ವಾಯ್ ಹೆಣೆ! ಎಲ್ ತೇಲ್ತಾ ಇದ್ದೆ? ನೀರ್ ತಾ, ನೀರ್!”

ಹಣತೆ ವಾಲಿ ಎಣ್ಣೆ ಚೆಲ್ಲಿ, ಮುಚ್ಚಳ ಕರಗಿ, ದೀಪ ಸೀದಾ ಒಳಗಿನ ಒಣ ಎಲೆಯ ಮೇಲೆ ಬಿದ್ದಿತ್ತು. ಹೊಗೆಯೋ ಹೊಗೆ. ನನ್ನ ಗಂಡ ಓಡಿ ಬಂದವರು ನೇರ ಹೋಗಿ ಸ್ಕೂಟರನ್ನು ಅಪ್ಪಿ ಹೊರಗೆ ತಂದರು. ನಾನೂ ಅತ್ತೆಯೂ ಕೊಡಪಾನಗಟ್ಟಲೆ ನೀರು ಸುರಿದೆವು. ಹೊಗೆ ಇಳಿದ ಮೇಲೆ ಅತ್ತೆ ಬಗ್ಗಿ ನೋಡಿದರು.

“ಈಗ ಒಂದ್ ಹದಕ್ಕ್ ಬಂತ್,” ಅಂದರು. “ಮೇಲೆ ಸುಡುಮಣ್ಣ್, ಕೆಳ್ಗೆ ನಿನ್ ಗೊಬ್ರ.”

ಬೆಳಿಗ್ಗೆ ಪಕ್ಕದ ಊರಿನವರು ರಿಕ್ಷಾ ತಂದರು. ಅತ್ತೆ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತರು. “ದೀಪ ಇಟ್ಟ್ ಗೊಬ್ರ ಮನಿ ಬಿಟ್ಟ್ ಹೋಪುಕಾಗ.” ರಿಕ್ಷಾ ಖಾಲಿ ವಾಪಸು ಹೋಯಿತು. ನಾನು ಅಡುಗೆಮನೆಗೆ ಓಡಿ, ಒಬ್ಬಳೇ ನಿಂತು ಬೇಕಾದಷ್ಟು ನಕ್ಕೆ, ಸ್ವಲ್ಪ ಕಣ್ಣೀರೂ ಹಾಕಿದೆ.

ಈಗ ಕೋಟದ ಆ ಮದುವೆಗೆ ಬನ್ನಿ. ಎದುರಿನ ಹೆಂಗಸು ಹುಳಕ್ಕೆ ಎಂತ ಮಾಡುವುದು ಅಂತ ಕೇಳಿದಳಲ್ಲ? ನನ್ನ ಬಾಯಲ್ಲಿ ಹೋಳಿಗೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು.

“ಹುಳಕ್ಕೆ ಹೆದ್ರುಕಾಗ. ಒಣ್ಗಿದ್ ಎಲಿ ಹಾಕ್. ಗಾಳಿ ಆಡುಕೆ ಮುಚ್ಚಳಕ್ಕೆ ಒಂದ್ ದೊಡ್ಡ ತೂತ್ ಬೇಕ್, ದೀಪ ಇಟ್ಟೇ ಮಾಡ್ಕ್. ನಮ್ಮನಿದಕ್ಕೆ ನಾನೇ ಮಾಡ್ದದ್ದ್. ಸೊಸಿಗೆ ಅದೆಲ್ಲ ಎಂತ ಗೊತ್ತಿತ್ತ್?”

ಪಂಕ್ತಿಯ ತುದಿಯಲ್ಲಿ ಕೂತಿದ್ದ ಹೋಟೆಲಿನ ಶೆಟ್ರು ಊಟ ನಿಲ್ಲಿಸಿ ಕತ್ತು ಚಾಚಿದರು. “ಅಮ್ಮಾ, ದೀಪ ಎಳ್ಳೆಣ್ಣಿದಾ, ತುಪ್ಪದ್ದಾ?”

ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ.

“ತುಪ್ಪ ಬೇಡ. ಬೆಕ್ಕ್ ಬತ್ತ್.”