ಪೆನ್‌ಡ್ರೈವ್‌ಗೆ ಹಾಕಿದ ಕಟ್ಟಳೆ

ಕಂಪ್ಯೂಟರ್ ದುರಸ್ತಿಗೆಂದು ಊರೂರು ತಿರುಗುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನಿರುವುದು ಶಹಾಬಾದದಲ್ಲಿ, ಹೆಂಡತಿ ಕೊಡ್ಲಿ ಎಂಬ ಊರಿನ ಶಾಲೆಯಲ್ಲಿ ಮೇಡಂ. ವರ್ಗಾವಣೆ ಕೇಳಿ ಕೇಳಿ ಸಾಕಾಗಿದೆ. ಭಾನುವಾರವೊಂದೇ ನಮ್ಮದು, ಉಳಿದ ದಿನ ಮನೆ ಬಿಕೋ ಅನ್ನುತ್ತದೆ. ಅದಕ್ಕೇ ಇರಬೇಕು, ಹೊರಗೆ ನಗಲು ಸಿಕ್ಕರೆ ನಾನು ಬಿಡುವುದಿಲ್ಲ.

ಬೀಗರು

ಕಲ್ಲು ಪಾಲಿಶ್ ಫ್ಯಾಕ್ಟರಿಯ ಮಾಲೀಕರ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಸರಿಮಾಡಿ, ಇನ್ನು ಯಾವ ಪೆನ್‌ಡ್ರೈವ್ ಚುಚ್ಚಿದರೂ ಅದರ ಫೈಲ್ ತೆರೆಯಬಹುದು, ಅದರೊಳಗಿನ ಪ್ರೋಗ್ರಾಂ ಮಾತ್ರ ಓಡಬಾರದು ಎಂದು ಕಟ್ಟಳೆ ಹಾಕಿದೆ.

"ಬೀಗರು ಬಂದ್ರ ಪಡಸಾಲ್ಯಾಗ ಕುಂದ್ರಿಸ್ತೀರಿ. ಅಡಗಿಮನ್ಯಾಗ ಹೋಗಿ ಒಲಿ ಹಚ್ಚಾಕ ಬಿಡ್ತೀರೇನ್ರಿ?" ಎಂದು ವಿವರಿಸಿದೆ.

ಮಾಲೀಕರು ನಿಟ್ಟುಸಿರಿಟ್ಟರು. "ನಮ್ಮ ಬೀಗರು ನಿಮಗ ಗೊತ್ತಿಲ್ರಿ. ಅವ್ರಿಗೂ ಹಿಂಥಾ ಸೆಟಿಂಗ್ ಅದ ಏನು?"

ಪ್ರಸಾದ

ಚಿತ್ತಾಪುರದ ಕಚೇರಿಯೊಂದರಲ್ಲಿ ಉತ್ಸಾಹ ಹೆಚ್ಚಾಗಿ, ಪೆನ್‌ಡ್ರೈವ್‌ಗೆ ಏನನ್ನೂ ಕಾಪಿ ಮಾಡಲಾಗದಂತೆಯೂ ಮಾಡಿಬಿಟ್ಟೆ. ಮರುದಿನವೇ ಹೆಡ್ ಕ್ಲಾರ್ಕ್ ಆಚಾರ್ರ ಫೋನು.

"ನಿನ್ನೆಯಿಂದ ಬರೇ ದರ್ಶನ ನಡದದ್ರಿ. ಪ್ರಸಾದ ಮನಿಗಿ ಒಯ್ಯಂಗಿಲ್ಲೇನು?"

ಅವರ ಮಾತು ನಿಜ. ಕಾವಲು ಇರಬೇಕು, ಕೆಲಸ ನಿಲ್ಲಬಾರದು. ಕಾಪಿ ಮಾಡಲು ಬಿಟ್ಟೆ, ಪ್ರೋಗ್ರಾಂ ಓಡಲು ಬಿಡಲಿಲ್ಲ. ಸಂಜೆ ಮತ್ತೆ ಫೋನು: "ಪ್ರಸಾದ ಬಂತ್ರಿ."

ಕೊನೆಯ ಬಸ್ಸು

ಹೆಂಡತಿಯ ಶಾಲೆಯಲ್ಲೂ ಅದೇ ಕಟ್ಟಳೆ. ಜೊತೆಗೆ ಮಕ್ಕಳಿಗೆ ಹೇಳಿದ್ದೆ: ಪೆನ್‌ಡ್ರೈವ್ ತಟ್ಟನೆ ಕೀಳಬಾರದು, ಮೊದಲು ಕಂಪ್ಯೂಟರನ್ನು ಕೇಳಬೇಕು, ಅದರ ಕೆಲಸ ಮುಗಿದಿಲ್ಲವೆಂದರೆ ಕಾಯಬೇಕು. ಅವಳು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿಸಿಕೊಂಡಿದ್ದಳು.

ಕಳೆದ ಭಾನುವಾರ ಅವಳ ಬಾಡಿಗೆ ಮನೆಗೆ ಹೋದವನೇ ಅಡುಗೆಮನೆಯ ಡಬ್ಬಿಗಳನ್ನು ನನ್ನ ಪ್ರಕಾರ ಜೋಡಿಸತೊಡಗಿದೆ.

"ರೀ, ಹೊರಗಿಂದ ಬಂದೀರಿ. ನೋಡ್ರಿ, ಉಣ್ರಿ. ನಿಮ್ಮ ಪ್ರೋಗ್ರಾಂ ಇಲ್ಲಿ ಓಡಂಗಿಲ್ಲ," ಎಂದಳು.

ನಕ್ಕೆನಾದರೂ ಒಳಗೆ ಚುರುಕ್ಕೆಂದಿತು. ಹೆಂಡತಿಯ ಮನೆಗೇ ನಾನು ಹೊರಗಿನವನಾಗಿದ್ದೆ.

ಸಂಜೆ ಕೊನೆಯ ಬಸ್ಸಿನ ಹೊತ್ತಾಯಿತು. ಚೀಲ ಹೆಗಲಿಗೇರಿಸಿ "ಬರ್ತೀನಿ" ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕೇಳದೇ ಕಿತ್ಕೊಂಡು ಹೊಂಟೀರಲ್ಲ?"

"ಬಸ್ ಹೋಗ್ತದ."

"ಹುಡುಗ್ರಿಗಿ ಏನ್ ಕಲಿಸೀರಿ? ಮೊದಲ ಕೇಳ್ರಿ."

"ಆಯ್ತು ಮೇಡಂ. ಕೆಲಸ ಮುಗೀತೇನ್ರಿ?"

"ಇಲ್ಲ," ಎಂದವಳೇ ಚೀಲ ಕಸಿದುಕೊಂಡು ಒಳಗೆ ಹೋದಳು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು.

ಸೋಮವಾರ ಬೆಳಿಗ್ಗೆ ವಾಡಿಯ ಗಿರಾಕಿ ಫೋನ್ ಮಾಡಿ, "ಎಲ್ಲಿದ್ದೀರಿ, ಇನ್ನಾ ಬಂದಿಲ್ಲಲ್ಲ?" ಎಂದರು.

"ಕೊಡ್ಲ್ಯಾಗ ಇದ್ದೀನ್ರಿ," ಎಂದೆ. "ಸಿಸ್ಟಮ್ ಇನ್ನಾ ಬಿಡವಲ್ದು."